ದನಕುರಿಗಳ ಗಾಯಕ್ಕೆ ಬೀಳುವ ಹುಳ: ಅದರ ಉತ್ಪತ್ತಿಯೂ ನಿವಾರಣೋಪಾಯವೂ

ದೇವಾಪುರ ಮೊದಲಾದ ಸುರಪುರ, ಶಹಾಪುರ ಸೀಮೆಯ ಗ್ರಾಮಗಳಲ್ಲಿ ಅನೇಕ ಕುಟುಂಬಗಳು ಎತ್ತು, ಎಮ್ಮೆ, ಕುರಿ, ಆಡುಗಳನ್ನೇ ನಂಬಿಕೊಂಡಿರುವವು. ಮಳೆಗಾಲದಲ್ಲಿ ಇಂಥ ಪಶುವಿಗೆ ಜಾಲಿಯ ಮುಳ್ಳು ಗೀರಿ ಸಣ್ಣ ಗಾಯವಾದರೂ, ಕೆಲವೇ ದಿನಗಳಲ್ಲಿ ಅದರೊಳಗೆ ಹುಳ ತುಂಬುವದುಂಟು. ಅಲಕ್ಷ್ಯ ಮಾಡಿದರೆ ಪಶುವು ಸಾಯುವದೂ ಉಂಟು. ಗಾಯ ಕೊಳೆತರೆ ಹುಳ ತಾನಾಗಿಯೇ ಹುಟ್ಟುವದೆಂದು ಕೆಲವರು ತಿಳಿದಿರುವರು. ಇದು ತಪ್ಪು. ನೊಣವು ಮೊಟ್ಟೆಯಿಡದೆ ಹುಳವಾಗದು.

ನೊಣದ ಪರಿಚಯ

ಇಂಥ ಗಾಯಗಳಿಗೆ ಮುಖ್ಯ ಕಾರಣವಾದದ್ದು ತಿರುಪು ಹುಳದ ನೊಣ. ಮನೆಯ ನೊಣಕ್ಕಿಂತ ದೊಡ್ಡದು; ಮೈ ಹಸಿರು ನೀಲಿಯಾಗಿ ಹೊಳೆಯುವದು. ಬೇರೆ ನೊಣಗಳು ಹೆಣಕ್ಕೂ ಕಸಕ್ಕೂ ಮುತ್ತಿ ಮೊಟ್ಟೆಯಿಟ್ಟರೆ, ಇದು ಜೀವಂತ ಪ್ರಾಣಿಯ ಗಾಯದ ಅಂಚಿನಲ್ಲಿಯೇ ಇಡುವದು. ಒಂದು ಸಲಕ್ಕೆ 100ರಿಂದ 250 ಮೊಟ್ಟೆಗಳು. ಒಂದು ದಿನದೊಳಗೆ ಅವು ಒಡೆದು, ಹುಳಗಳು ತಲೆ ಕೆಳಗಾಗಿ ಮಾಂಸವನ್ನು ಕೊರೆಯುತ್ತ ಒಳಗಿಳಿಯುವವು. ಸುಮಾರು 6 ದಿನ ತಿಂದು ಅರ್ಧ ಅಂಗುಲ ಬೆಳೆದು, ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಕೋಶವಾಗಿ, ಬೆಚ್ಚನೆಯ ಕಾಲದಲ್ಲಿ ಒಂದು ವಾರದ ಮೇಲೆ ನೊಣವಾಗಿ ಏಳುವವು.

ಇದರ ಲೆಕ್ಕವನ್ನು ರೈತರು ಚೆನ್ನಾಗಿ ಗಮನಿಸಬೇಕು. ಒಂದೇ ಗಾಯದಿಂದ ಉದುರಿದ 100 ಹುಳಗಳು ಬದುಕಿ, ಅವುಗಳಲ್ಲಿ ಅರ್ಧ ಹೆಣ್ಣಾದರೆ, ತಿಂಗಳೊಳಗೆ 50 ನೊಣಗಳು 50 ಗಾಯಗಳನ್ನು ಹುಡುಕಿ ಹೊರಡುವವು. ಒಬ್ಬನ ಕೊಟ್ಟಿಗೆಯ ಅಲಕ್ಷ್ಯವು ಊರಿಗೆಲ್ಲ ಹಾನಿಯಾಗುವದು ಹೀಗೆ.

ಗುರುತುಗಳು

ಪಶುವು ಮೇವು ಬಿಟ್ಟು ಹಿಂಡಿನಿಂದ ಅಗಲಿ ನಿಲ್ಲುವದು. ಗಾಯವನ್ನು ಪದೇ ಪದೇ ನೆಕ್ಕುವದು. ದುರ್ವಾಸನೆಯೊಡನೆ ರಕ್ತಮಿಶ್ರಿತ ನೀರು ಸೋರುವದು. ಕರುವಿನ ಹೊಕ್ಕುಳ, ನೊಗ ತಿಕ್ಕಿದ ಹೆಗಲು, ಮೂಗುದಾರದ ತೂತು, ಕೋಡಿನ ಬುಡ, ಉಣ್ಣಿ ಕಡಿದ ಜಾಗ, ಈದ ಪಶುವಿನ ಹಿಂಭಾಗ ಇವುಗಳನ್ನು ಮಳೆಗಾಲದಲ್ಲಿ ದಿನಾಲು ನೋಡತಕ್ಕದ್ದು.

ಮಾಡತಕ್ಕ ಕೆಲಸಗಳು

1. ಕರು, ಮರಿ ಹುಟ್ಟಿದ ಕೂಡಲೆ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಬೇಕು.

2. ಸಣ್ಣ ಗಾಯವನ್ನೂ ಅದೇ ದಿನ ತೊಳೆದು, ಸುತ್ತಲೂ ಬೇವಿನ ಎಣ್ಣೆ ಸವರಬೇಕು.

3. ಬೀಜ ಒಡೆಯುವದು, ಕೋಡು ಕೊಯ್ಯುವದು ಮುಂತಾದವನ್ನು ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಮಾಡಿಸಬೇಕು.

4. ಹುಳ ಬಿದ್ದಿದ್ದರೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಗಾಯಕ್ಕೆ ಇಟ್ಟು, ಹೊರಬಂದ ಹುಳಗಳನ್ನು ಚಿಮಟಿಗೆಯಿಂದ ತೆಗೆಯಬೇಕು. ಗಾಯಕ್ಕೆ ಫಿನೈಲು, ಸೀಮೆಎಣ್ಣೆ ಸುರಿಯಬಾರದು. ಒಳ್ಳೆಯ ಮಾಂಸವೂ ಸುಡುವದು.

5. ತೆಗೆದ ಹುಳಗಳನ್ನು ನೆಲಕ್ಕೆ ಚೆಲ್ಲದೆ ಕುದಿಯುವ ನೀರಿಗೆ ಹಾಕಿ ಕೊಲ್ಲಬೇಕು. ಬಹಳ ಜನರು ಮರೆಯುವ ಕೆಲಸ ಇದೇ.

6. ಗಾಯವು ಆಳವಾಗಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಐವರ್ಮೆಕ್ಟಿನ್ ಮುಂತಾದ ಔಷಧಗಳನ್ನು ಅವರ ಅಪ್ಪಣೆಯಂತೆಯೇ ಕೊಡತಕ್ಕದ್ದು.

ಅಡವಿಯ ಮೃಗಗಳು

ಅಡವಿಯ ಮೃಗಗಳ ಗಾಯವನ್ನು ತೊಳೆಯುವವರಿಲ್ಲ. ಅಮೆರಿಕದ ಫ್ಲೋರಿಡಾ ಪ್ರಾಂತದ ದ್ವೀಪಗಳಲ್ಲಿ ಈ ಜಾತಿಗೆ ಹತ್ತಿರದ ಇನ್ನೊಂದು ನೊಣವು 2016ರಲ್ಲಿ ಕಾಣಿಸಿಕೊಂಡು, ಅಲ್ಲಿ ಮಾತ್ರ ಉಳಿದಿರುವ ಗಿಡ್ಡ ಜಾತಿಯ ಜಿಂಕೆಗಳಲ್ಲಿ ನೂರಕ್ಕೂ ಹೆಚ್ಚನ್ನು ಕೊಂದಿತು. ಆ ಸರಕಾರವು ಕಿರಣಗಳಿಂದ ಬಂಜೆ ಮಾಡಿದ ನೊಣಗಳನ್ನು ಲಕ್ಷಗಟ್ಟಲೆ ಹಾರಬಿಟ್ಟಿತು. ಆ ಜಾತಿಯ ಹೆಣ್ಣು ಒಂದೇ ಸಲ ಕೂಡುವದರಿಂದ, ಬಂಜೆ ಗಂಡಿನೊಡನೆ ಕೂಡಿದ ಹೆಣ್ಣಿನ ಮೊಟ್ಟೆಗಳು ಒಡೆಯಲಿಲ್ಲ. 2017ರ ಮಾರ್ಚಿನಲ್ಲಿ ಪೀಡೆ ತೊಲಗಿತು.

ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಆದಕಾರಣ ಕೊಟ್ಟಿಗೆಯಲ್ಲಿ ಕೊಂದ ಹುಳವೇ ಹಿಂಡಿಗೂ ಅಡವಿಯ ಮೃಗಕ್ಕೂ ರಕ್ಷಣೆ. ಊರಿನ ಹಿರಿಯರು ಮಳೆಗಾಲಕ್ಕೆ ಮುಂಚೆ ಟರ್ಪೆಂಟೈನ್, ಅಯೋಡಿನ್, ಚಿಮಟಿಗೆ ಇವುಗಳನ್ನು ಒಂದೆಡೆ ಕೂಡಿಸಿಟ್ಟು, ಬಡವನ ಪಶುವಿಗೂ ಅದೇ ದಿನ ಸಿಗುವಂತೆ ಮಾಡತಕ್ಕದ್ದು. ಒಂದು ಮನೆ ಬಿಟ್ಟರೂ ಊರಿನ ಶ್ರಮ ವ್ಯರ್ಥವಾಗುವದು.