ಮೀನಿನ ಜಾಗದ ಜಿಪಿಎಸ್ ಅಂಕಿ: ಓದುವ, ಬದಲಿಸುವ, ಬರೆದಿಡುವ ಕ್ರಮ

ಕರಾವಳಿಯ ಆಳಸಮುದ್ರ ಬೋಟುಗಳಿಗೆ ಮೀನಿನ ಜಾಗದ ಅಂಕಿ ಈಗ ಮೂರು ಕಡೆಯಿಂದ ಬರುತ್ತದೆ. ಒಂದು, ತಾಂಡೇಲರು (ಬೋಟು ನಡೆಸುವವರು) ವರ್ಷಗಟ್ಟಲೆ ಬರೆದಿಟ್ಟ ಪುಸ್ತಕ. ಎರಡು, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕನ್ನಡದಲ್ಲೂ ಕೊಡುವ ಮೀನುಗಾರಿಕಾ ವಲಯದ ಸೂಚನೆ. ಮೂರು, ಇನ್ನೊಂದು ಬೋಟಿನವರು ಮೊಬೈಲಿಗೆ ಕಳಿಸುವ ಲೊಕೇಶನ್. ಮೂರರಲ್ಲೂ ಇರುವುದು ಅಕ್ಷಾಂಶ ಮತ್ತು ರೇಖಾಂಶವೇ ಆದರೂ ಬರೆಯುವ ರೀತಿ ಬೇರೆ ಬೇರೆ. ರೀತಿಯನ್ನು ಗಮನಿಸದೆ ಅಂಕಿಯನ್ನಷ್ಟೇ ಯಂತ್ರಕ್ಕೆ ಒತ್ತಿದರೆ ಬೋಟು ಮತ್ತೆಲ್ಲಿಗೋ ಹೋಗುತ್ತದೆ. ಡೀಸೆಲ್ ವ್ಯರ್ಥವಾಗುತ್ತದೆ, ತಪ್ಪಿಸಬೇಕಾದ ಕಲ್ಲಿಗೇ ಬಲೆ ಸಿಕ್ಕಿಕೊಳ್ಳಬಹುದು. ಈ ನಷ್ಟವನ್ನು ಎರಡು ಸಣ್ಣ ಲೆಕ್ಕಗಳಿಂದ ಬಹುಮಟ್ಟಿಗೆ ತಡೆಯಬಹುದು.

ಒಂದೇ ಜಾಗ, ಮೂರು ಬರಹ

ಒಂದು ಡಿಗ್ರಿಗೆ 60 ಮಿನಿಟ್, ಒಂದು ಮಿನಿಟ್‌ಗೆ 60 ಸೆಕೆಂಡ್. ಮಲ್ಪೆಯ ಪಶ್ಚಿಮಕ್ಕೆ ಸಮುದ್ರದಲ್ಲಿರುವ ಒಂದು ಬಿಂದುವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅದನ್ನು ಹೀಗೆಲ್ಲ ಬರೆಯಬಹುದು:

1. ಡಿಗ್ರಿ–ಮಿನಿಟ್–ಸೆಕೆಂಡ್: 13° 24′ 36″ ಉತ್ತರ, 74° 18′ 45″ ಪೂರ್ವ
2. ಡಿಗ್ರಿ–ದಶಾಂಶ ಮಿನಿಟ್: 13° 24.600′ ಉತ್ತರ, 74° 18.750′ ಪೂರ್ವ
3. ದಶಾಂಶ ಡಿಗ್ರಿ: 13.4100 ಉತ್ತರ, 74.3125 ಪೂರ್ವ

ಮೂರೂ ಒಂದೇ ಜಾಗ. ಇನ್‌ಕಾಯ್ಸ್ ಪಟ್ಟಿಯಲ್ಲಿ ಮೊದಲನೆಯ ರೀತಿ ಇರುತ್ತದೆ. ಬೋಟಿನ ಜಿಪಿಎಸ್‌ ಸಾಮಾನ್ಯವಾಗಿ ಎರಡನೆಯದನ್ನು ತೋರಿಸುತ್ತದೆ. ಮೊಬೈಲಿನ ಗೂಗಲ್ ಮ್ಯಾಪ್‌ನಲ್ಲಿ ಕಾಣುವುದು ಹೆಚ್ಚಾಗಿ ಮೂರನೆಯದು.

ಬದಲಿಸುವ ಲೆಕ್ಕ

ಸಣ್ಣ ಅಳತೆಯಿಂದ ದೊಡ್ಡದಕ್ಕೆ ಹೋಗುವಾಗ 60ರಿಂದ ಭಾಗಿಸಬೇಕು, ದೊಡ್ಡದರಿಂದ ಸಣ್ಣದಕ್ಕೆ ಬರುವಾಗ 60ರಿಂದ ಗುಣಿಸಬೇಕು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

- ಸೆಕೆಂಡನ್ನು ದಶಾಂಶ ಮಿನಿಟ್ ಮಾಡಲು: 36 ÷ 60 = 0.6. ಇದನ್ನು 24ಕ್ಕೆ ಸೇರಿಸಿದರೆ 24.600 ಮಿನಿಟ್.
- ದಶಾಂಶ ಮಿನಿಟನ್ನು ದಶಾಂಶ ಡಿಗ್ರಿ ಮಾಡಲು: 24.6 ÷ 60 = 0.41. ಇದನ್ನು 13ಕ್ಕೆ ಸೇರಿಸಿದರೆ 13.4100.
- ಮೊಬೈಲಿನ ಅಂಕಿಯನ್ನು ಬೋಟಿನ ಜಿಪಿಎಸ್‌ಗೆ ತರಲು: 74.3125ರಲ್ಲಿ 74 ಡಿಗ್ರಿ ಬಿಟ್ಟು, 0.3125 × 60 = 18.75. ಅಂದರೆ 74° 18.750′.

ಡಿಗ್ರಿಯ ಪೂರ್ಣ ಅಂಕಿ ಯಾವಾಗಲೂ ಹಾಗೆಯೇ ಉಳಿಯುತ್ತದೆ. ಬದಲಾಗುವುದು ಅದರ ನಂತರದ ಭಾಗ ಮಾತ್ರ.

ತಪ್ಪಿದರೆ ಎಷ್ಟು ದೂರ?

ಅಕ್ಷಾಂಶದ ಒಂದು ಮಿನಿಟ್ ಎಂದರೆ ಸುಮಾರು ಒಂದು ನಾಟಿಕಲ್ ಮೈಲು, ಅಂದರೆ 1.852 ಕಿ.ಮೀ. ನಮ್ಮ ಕರಾವಳಿಯಲ್ಲಿ ರೇಖಾಂಶದ ಒಂದು ಮಿನಿಟ್ ಸ್ವಲ್ಪ ಕಡಿಮೆ, ಸುಮಾರು 1.8 ಕಿ.ಮೀ.

ಮೇಲಿನ ಉದಾಹರಣೆಯಲ್ಲಿ 24′ 36″ ಇರುವುದನ್ನು 24.36 ಎಂದೂ, 18′ 45″ ಇರುವುದನ್ನು 18.45 ಎಂದೂ ಒತ್ತಿದರೆ ಬೋಟು ಸುಮಾರು 700 ಮೀಟರ್ ಆಚೆ ನಿಲ್ಲುತ್ತದೆ. ಮುರು ಮೀನು ಸಿಗುವ ಸಣ್ಣ ಪಾರೆ ಹುಡುಕುವವರಿಗೆ ಇಷ್ಟಾದರೆ ಜಾಗವೇ ಸಿಗದು. ಅದೇ ಅಂಕಿಗಳನ್ನು 13.2436, 74.1845 ಎಂದು ದಶಾಂಶ ಡಿಗ್ರಿಯಾಗಿ ತೆಗೆದುಕೊಂಡರೆ ತಪ್ಪು ಸುಮಾರು 23 ಕಿ.ಮೀ. ಆಗುತ್ತದೆ. ಗಂಟೆಗೆ 8 ನಾಟಿಕಲ್ ಮೈಲು ಓಡುವ ಬೋಟಿಗೆ ಇದು ಒಂದೂವರೆ ಗಂಟೆಯ ದಾರಿ, ಅಷ್ಟು ಹೊತ್ತಿನ ಡೀಸೆಲ್.

ಯಂತ್ರವೇ ಬದಲಿಸುತ್ತದೆ

ಲೆಕ್ಕ ಮಾಡಲು ಹಿಂಜರಿಯುವವರಿಗೆ ಇನ್ನೊಂದು ದಾರಿ ಇದೆ. ಹೆಚ್ಚಿನ ಜಿಪಿಎಸ್ ಯಂತ್ರಗಳ ಸೆಟ್ಟಿಂಗ್‌ನಲ್ಲಿ ಪೊಸಿಷನ್ ಫಾರ್ಮ್ಯಾಟ್ ಎಂಬ ಆಯ್ಕೆ ಇರುತ್ತದೆ. ನಿಮಗೆ ಬಂದ ಅಂಕಿ ಯಾವ ರೀತಿಯಲ್ಲಿದೆಯೋ ಯಂತ್ರವನ್ನು ಅದೇ ರೀತಿಗೆ ತಂದು, ಅಂಕಿ ಒತ್ತಿ ಸೇವ್ ಮಾಡಿ. ಬಳಿಕ ಎಂದಿನ ರೀತಿಗೆ ಮರಳಿಸಿ. ಸೇವ್ ಆದ ಬಿಂದು ಜಾಗ ಬದಲಿಸದೆ ಹೊಸ ರೀತಿಯಲ್ಲಿ ಕಾಣಿಸುತ್ತದೆ. ಮರಳಿಸುವುದನ್ನು ಮರೆತರೆ ಮುಂದಿನ ಅಂಕಿಗಳೆಲ್ಲ ತಪ್ಪುತ್ತವೆ, ಆದ್ದರಿಂದ ಈ ಕೆಲಸವನ್ನು ಬಂದರಿನಲ್ಲೇ ಮುಗಿಸಿ.

ಬಂದರು ಬಿಡುವ ಮೊದಲು ಇನ್ನೆರಡು ಪರೀಕ್ಷೆ ಮಾಡಿ. ಗೂಗಲ್ ಮ್ಯಾಪ್‌ನ ಹುಡುಕುವ ಜಾಗದಲ್ಲಿ ಅಂಕಿ ಬರೆದು, ಬಿಂದು ಎಲ್ಲಿ ಬೀಳುತ್ತದೆ ನೋಡಿ. ನಂತರ ಅಂಕಿಯ ಅಂದಾಜು ಸರಿಯಿದೆಯೇ ನೋಡಿ: ಮಲ್ಪೆ ಸುಮಾರು 13° 21′ ಉತ್ತರದಲ್ಲಿದೆ, ಕಾರವಾರ ಸುಮಾರು 14° 48′ರಲ್ಲಿದೆ. ಉತ್ತರಕ್ಕೆ ಹೋದಂತೆ ಅಕ್ಷಾಂಶ ಏರುತ್ತದೆ. ಪಶ್ಚಿಮಕ್ಕೆ, ಅಂದರೆ ಆಳಕ್ಕೆ ಹೋದಂತೆ ರೇಖಾಂಶ 74ರಿಂದ 73ರತ್ತ ಇಳಿಯುತ್ತದೆ. ತಲಪಾಡಿಯಿಂದ ಕಾರವಾರದವರೆಗೆ ಎಲ್ಲೇ ಆದರೂ ರೇಖಾಂಶ 75 ಎಂದು ಬಂದರೆ ಆ ಬಿಂದು ನೆಲದ ಮೇಲಿದೆ.

ಇನ್‌ಕಾಯ್ಸ್ ಸೂಚನೆ ಓದುವಾಗ

ಸಮುದ್ರದ ಮೇಲ್ಮೈಯ ಉಷ್ಣಾಂಶವನ್ನೂ ನೀರಿನಲ್ಲಿರುವ ಪತ್ರಹರಿತ್ತಿನ ಪ್ರಮಾಣವನ್ನೂ ಉಪಗ್ರಹಗಳು ಅಳೆಯುತ್ತವೆ. ತಣ್ಣೀರು ಮತ್ತು ಬೆಚ್ಚನೆಯ ನೀರು ಸಂಧಿಸುವಲ್ಲಿ ಸೂಕ್ಷ್ಮ ಸಸ್ಯಗಳು ಸೇರುತ್ತವೆ, ಅವನ್ನು ಅರಸಿ ಬೂತಾಯಿ, ಬಂಗುಡೆಯಂಥ ಮೀನುಗಳು ಬರುತ್ತವೆ, ಅವುಗಳ ಹಿಂದೆ ಅಂಜಲ್‌ನಂಥ ದೊಡ್ಡ ಮೀನುಗಳು. ಇದೇ ಈ ಸೂಚನೆಯ ಆಧಾರ.

ಪಟ್ಟಿಯಲ್ಲಿ ಬಂದರಿನ ಹೆಸರು, ದಿಕ್ಕು, ದಿಕ್ಕಿನ ಡಿಗ್ರಿ, ದೂರ, ಆಳ, ಅಕ್ಷಾಂಶ, ರೇಖಾಂಶ ಇರುತ್ತವೆ. ದಿಕ್ಕಿನ ಡಿಗ್ರಿ ಬೇರೆ, ಅಕ್ಷಾಂಶದ ಡಿಗ್ರಿ ಬೇರೆ. ದಿಕ್ಕಿನ ಡಿಗ್ರಿಯನ್ನು ಉತ್ತರದಿಂದ ಬಲಕ್ಕೆ ಎಣಿಸುತ್ತಾರೆ, 270 ಎಂದರೆ ನೇರ ಪಶ್ಚಿಮ. ದೂರ ಕಿಲೋಮೀಟರ್‌ನಲ್ಲಿರುತ್ತದೆ. ಅದನ್ನು 1.852ರಿಂದ ಭಾಗಿಸಿದರೆ ನಾಟಿಕಲ್ ಮೈಲು ಸಿಗುತ್ತದೆ: 50 ಕಿ.ಮೀ. ಎಂದರೆ 27 ಮೈಲು. ಆಳ ಮೀಟರ್‌ನಲ್ಲಿರುತ್ತದೆ. ಒಂದು ಮಾರು ಸುಮಾರು 1.83 ಮೀಟರ್, ಹಾಗಾಗಿ 40 ಮೀಟರ್ ಎಂದರೆ ಸುಮಾರು 22 ಮಾರು.

ಈ ಅಂಕಿ ತೋರಿಸುವುದು ಕಲ್ಲಿನಂತೆ ನಿಂತ ಜಾಗವನ್ನಲ್ಲ, ಪ್ರವಾಹದೊಂದಿಗೆ ಸರಿಯುವ ನೀರನ್ನು. ಆದ್ದರಿಂದ ಸೂಚನೆಯ ದಿನಾಂಕವನ್ನು ಮೊದಲು ನೋಡಿ, ಹಳೆಯದಾದರೆ ಬಳಸಬೇಡಿ. ಮೋಡ ಕವಿದ ದಿನಗಳಲ್ಲಿ ಉಪಗ್ರಹಕ್ಕೆ ನೀರು ಕಾಣದ ಕಾರಣ ಸೂಚನೆ ಬರದಿರಬಹುದು.

ಹಳೆಯ ಪುಸ್ತಕದ ಅಂಕಿಗಳು

ಹಿರಿಯರ ಪುಸ್ತಕದಲ್ಲಿ 13-24-36 ಎಂದಷ್ಟೇ ಇದ್ದರೆ ಕೊನೆಯ 36 ಸೆಕೆಂಡೋ ಮಿನಿಟ್‌ನ ದಶಾಂಶವೋ ತಿಳಿಯದು. ಅದೇ ಕೈಬರಹದ ಬೇರೆ ಸಾಲುಗಳನ್ನು ಪರಿಶೀಲಿಸಿ. ಕೊನೆಯ ಅಂಕಿ ಎಲ್ಲಾದರೂ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಮೂರು ಅಂಕಿಗಳಲ್ಲಿದ್ದರೆ ಅದು ಸೆಕೆಂಡ್ ಅಲ್ಲ, ಮಿನಿಟ್‌ನ ದಶಾಂಶ. ಇನ್ನೂ ಅನುಮಾನವಿದ್ದರೆ ಎರಡೂ ಬಿಂದುಗಳನ್ನು ಹಾಕಿಕೊಂಡು, ಪುಸ್ತಕದಲ್ಲಿ ಬರೆದ ಆಳವನ್ನು ಫಿಶ್ ಫೈಂಡರ್ ತೋರಿಸುವ ಆಳದೊಂದಿಗೆ ಹೋಲಿಸಿ.

2000ದ ಮೇ ತಿಂಗಳಿಗಿಂತ ಮೊದಲು ಅಮೆರಿಕ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಸೇರಿಸುತ್ತಿತ್ತು. ಆಗ ಬರೆದ ಅಂಕಿ ಸುಮಾರು 100 ಮೀಟರ್ ಆಚೀಚೆ ಇರಬಹುದು. ಯಂತ್ರದ ಡೇಟಮ್ (ಅಕ್ಷಾಂಶ, ರೇಖಾಂಶ ಅಳೆಯುವ ಆಧಾರ) ಸೆಟ್ಟಿಂಗ್ ಕೂಡ ಡಬ್ಲ್ಯುಜಿಎಸ್-84 ಎಂದಿರಬೇಕು. ಬೇರೆ ಡೇಟಮ್ ಇದ್ದರೆ ಬಿಂದು ನೂರು ಮೀಟರ್‌ಗೂ ಹೆಚ್ಚು ಸರಿಯಬಹುದು.

ಬರೆದಿಡುವ ಕ್ರಮ

ಇಡೀ ಪುಸ್ತಕಕ್ಕೆ ಒಂದೇ ರೀತಿ ಆರಿಸಿಕೊಳ್ಳಿ. ಡಿಗ್ರಿ–ದಶಾಂಶ ಮಿನಿಟ್ ಬೋಟಿಗೆ ಅನುಕೂಲ. ದಶಾಂಶದ ನಂತರ ಮೂರು ಅಂಕಿ ಬರೆದರೆ ಎರಡು ಮೀಟರ್‌ನಷ್ಟು ಸೂಕ್ಷ್ಮತೆ ಸಿಗುತ್ತದೆ. ಪ್ರತಿ ಸಾಲಿನಲ್ಲಿ ದಿನಾಂಕ, ಅಕ್ಷಾಂಶ, ರೇಖಾಂಶ, ಆಳ, ತಳ ಕಲ್ಲೋ ಕೆಸರೋ ಮರಳೋ, ಸಿಕ್ಕ ಮೀನು, ಬಳಸಿದ ಬಲೆ ಇರಲಿ. ಬಲೆ ಸಿಕ್ಕಿದ ಕಲ್ಲು, ಮುಳುಗಿದ ಬೋಟು, ಕೃತಕ ಬಂಡೆಗಳ ಜಾಗವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಯಂತ್ರ ಕೆಟ್ಟರೂ ಪುಸ್ತಕ ಉಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ 61 ದಿನಗಳು ಹಳೆಯ ಅಂಕಿಗಳನ್ನೆಲ್ಲ ಒಂದೇ ರೀತಿಗೆ ತರಲು ಒಳ್ಳೆಯ ಸಮಯ.

ಅಪಾಯದ ಹೊತ್ತಿನಲ್ಲಿ

ಅಂಕಿಯನ್ನು ಸರಿಯಾಗಿ ಓದುವ ಇದೇ ಅಭ್ಯಾಸ ಜೀವವನ್ನೂ ಉಳಿಸುತ್ತದೆ. ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಅಥವಾ ಕರಾವಳಿ ಕಾವಲು ಪಡೆಯ 1554 ಸಂಖ್ಯೆಯಲ್ಲಿ ನೆರವು ಕೇಳುವಾಗ ಅಂಕಿಯನ್ನು ಬಿಡಿಸಿ ಹೇಳಿ: "ಹದಿಮೂರು ಡಿಗ್ರಿ, ಇಪ್ಪತ್ನಾಲ್ಕು ಪಾಯಿಂಟ್ ಆರು ಮಿನಿಟ್ ಉತ್ತರ; ಎಪ್ಪತ್ನಾಲ್ಕು ಡಿಗ್ರಿ, ಹದಿನೆಂಟು ಪಾಯಿಂಟ್ ಏಳು ಐದು ಮಿನಿಟ್ ಪೂರ್ವ." ಡಿಗ್ರಿ, ಪಾಯಿಂಟ್, ಮಿನಿಟ್ ಎಂಬ ಮಾತುಗಳನ್ನು ಬಿಡಬೇಡಿ. ಕೇಳಿದವರಿಂದ ಒಮ್ಮೆ ತಿರುಗಿ ಹೇಳಿಸಿಕೊಳ್ಳಿ. ಬೋಟಿನಲ್ಲಿ ತಾಂಡೇಲರಿಗಷ್ಟೇ ಈ ಓದು ಗೊತ್ತಿದ್ದರೆ ಸಾಲದು. ಅವರೇ ಅಸ್ವಸ್ಥರಾದರೆ ಜಾಗ ಹೇಳುವವರು ಬೇಕು. ಹಾಗಾಗಿ ಬೋಟಿನ ಪ್ರತಿಯೊಬ್ಬರಿಗೂ ಪರದೆಯ ಅಂಕಿ ಓದಲು ಕಲಿಸಿ, ಪ್ರತಿ ಸಲ ಬಂದರು ಬಿಡುವ ಮೊದಲು ಒಬ್ಬರಿಂದ ಗಟ್ಟಿಯಾಗಿ ಓದಿಸಿ.