ಎಳೆಯ ಮಗುವನ್ನು ನೋಡಿಕೊಳ್ಳುವವರು ಯಾರು?

ಸೊರಬ ತಾಲ್ಲೂಕಿನ ಉಳವಿಯ ಸುತ್ತಣ ಹಳ್ಳಿಗಳಲ್ಲಿ ಮಳೆ ಹಿಡಿದು ಗದ್ದೆಗಳು ಹದಗೊಂಡುವೆಂದರೆ ಊರಿಗೆ ಊರೇ ನಾಟಿಯ ಕೆಲಸದಲ್ಲಿ ತೊಡಗುತ್ತದೆ. ಬೆಳಗಿನ ಮನೆಗೆಲಸ ತೀರಿಸಿ ಗದ್ದೆಗಿಳಿದ ಹೆಂಗಸರು ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡುವುದು ಮಧ್ಯಾಹ್ನದ ಊಟದ ಹೊತ್ತಿಗೇ. ಆಗ ಮನೆಯಲ್ಲಿ ಉಳಿಯುವವರು ಯಾರು? ಕಣ್ಣು ಮಂಜಾದ ಅಜ್ಜಿ, ನಡೆಯಲು ಕಲಿತು ಇನ್ನೂ ಆರು ತಿಂಗಳಾಗದ ಮೊಮ್ಮಗು. ಅಜ್ಜಿ ಒಲೆಗೆ ಒಂದು ಕೊಳ್ಳಿ ನೂಕಿ ಬರುವಷ್ಟರಲ್ಲಿ ಜಗಲಿ ಬರಿದಾಗಿರುತ್ತದೆ. ದಣಪೆಯ ಬಿದಿರಿನ ಕೆಳಗೆ ನುಸುಳುವುದು ದೊಡ್ಡವರಿಗೆ ಅಸಾಧ್ಯ. ಮಗುವಿಗೆ ಅದೇ ರಾಜಮಾರ್ಗ. ಬಹಳಮಟ್ಟಿಗೆ ಮಗು ಹಿತ್ತಲಿನಲ್ಲಿ ಕೋಳಿಮರಿಯ ಬೆನ್ನು ಹತ್ತಿರುತ್ತದೆ, ಯಾರಾದರೂ ಎತ್ತಿ ತರುತ್ತಾರೆ. ಹಾಗಾಗದ ದಿನದ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಚ್ಛಿಸುವುದಿಲ್ಲ. ಈ ಲೇಖನದಲ್ಲಿ ನಾವು ಅದನ್ನೇ ಆಡಬೇಕಾಗಿದೆ.

ಸೊರಬ, ಶಿಕಾರಿಪುರಗಳ ಸೀಮೆ ಕೆರೆಗಳ ನಾಡು. ಭತ್ತಕ್ಕೆ ನೀರುಣಿಸುವುದೂ ಕೆರೆ, ಗುಡವಿಯಲ್ಲಿ ಹಕ್ಕಿಗಳಿಗೆ ಆಶ್ರಯ ಕೊಟ್ಟಿರುವುದೂ ಕೆರೆ. ಇದರ ಜೊತೆಗೆ ಮನೆಯ ಹಿಂದಿನ ಬಾವಿ, ಅಡಿಕೆ ತೋಟದ ಕಾಲುವೆ, ಮಳೆಗೆ ತುಂಬಿ ನಿಂತ ಗೊಬ್ಬರದ ಗುಂಡಿ, ಈಚಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ತೋಡಿಸಿದ ಕೃಷಿ ಹೊಂಡ. ನೆನೆದ ಆ ಹಾಳೆಯ ಮೇಲೆ ಈಜು ಬಲ್ಲವನಿಗೂ ಕಾಲು ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು; ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ಈಜಲು ಹೋಗಿ ಮುಳುಗುವ ಹುಡುಗರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಎಳೆಯ ಮಗು ಮುಳುಗುವುದು ಈಜಲು ಹೋಗಿ ಅಲ್ಲ, ಮನೆಯ ಮಗ್ಗುಲಲ್ಲಿ ಆಡುತ್ತ ಆಡುತ್ತ.

ಒಂದೆರಡು ವರ್ಷದ ಮಗು ನೀರಿಗೆ ಬಿದ್ದರೆ ತಾನಾಗಿ ಏಳಲಾರದೇಕೆ? ಇದಕ್ಕೆ ಕಾರಣ ಅದರ ದೇಹದ ಅಳತೆಯಲ್ಲೇ ಇದೆ. ಹುಟ್ಟಿದ ಕೂಸಿನಲ್ಲಿ ತಲೆಯ ಉದ್ದ ದೇಹದ ಉದ್ದದ ನಾಲ್ಕರಲ್ಲೊಂದು ಭಾಗ, ಎರಡು ವರ್ಷಕ್ಕೆ ಸುಮಾರು ಐದರಲ್ಲೊಂದು, ಬೆಳೆದವರಲ್ಲಿ ಎಂಟರಲ್ಲೊಂದರಷ್ಟು. ಆದುದರಿಂದ ಮಗುವಿನ ಗುರುತ್ವಕೇಂದ್ರ ದೊಡ್ಡವರದಕ್ಕಿಂತ ಮೇಲಿರುತ್ತದೆ. ಬಚ್ಚಲ ಬಕೆಟ್ಟಿನ ಅಂಚು ಹಿಡಿದು ಒಳಗೆ ಬಗ್ಗಿ ನೋಡಿದ ಮಗು ತಲೆಯ ಭಾರಕ್ಕೆ ಮಗುಚುತ್ತದೆ. ಹಾಗೆ ಮಗುಚಿದ ದೇಹವನ್ನು ಹಿಂದಕ್ಕೆತ್ತುವ ಬಲ ಅದರ ತೋಳುಗಳಿಗಿಲ್ಲ. ಒಂದು ಗೇಣು ನೀರೇ ಸಾಕು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಮುಳುಗುವ ಮಗು ಕೂಗುವುದಿಲ್ಲ. ಕೂಗಲು ಶ್ವಾಸಕೋಶದಲ್ಲಿ ಗಾಳಿ ಬೇಕು, ಬಾಯಿ ನೀರಿನ ಮೇಲಿರಬೇಕು. ಎರಡೂ ಇಲ್ಲದಾಗ ಸದ್ದೆಲ್ಲಿಂದ ಬಂದೀತು? ಆಮ್ಲಜನಕ ನಿಂತ ನಾಲ್ಕಾರು ನಿಮಿಷಗಳಲ್ಲಿ ಮಿದುಳಿಗೆ ಮರಳಿ ಸರಿಪಡಿಸಲಾಗದ ಹಾನಿಯಾಗತೊಡಗುತ್ತದೆ. “ಅಳು ಕೇಳಿಸಿದರೆ ಓಡಿದರಾಯಿತು” ಎಂದು ಒಳಮನೆಯಲ್ಲಿ ಕೆಲಸಕ್ಕೆ ಕೂರುವವರು ಇದನ್ನು ಮನದಟ್ಟು ಮಾಡಿಕೊಳ್ಳಬೇಕು. ಎಳೆಯ ಮಗುವನ್ನು ಕಿವಿಯಿಂದ ಕಾಯಲಾಗದು.

ನಮ್ಮಂತೆಯೇ ಮನೆಯ ಮಗ್ಗುಲಲ್ಲಿ ನೀರಿಟ್ಟುಕೊಂಡು ಬಾಳುವ ಇನ್ನೊಂದು ನಾಡು ಬಾಂಗ್ಲಾದೇಶ. ಅಲ್ಲಿಯ ಹಳ್ಳಿಗಳಲ್ಲಿ ಮನೆಗೊಂದು ಕೊಳವೆಂದರೂ ಸಲ್ಲುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿಯ ಸಂಶೋಧಕರು ಮಕ್ಕಳ ಸಾವುಗಳನ್ನು ಹಳ್ಳಿಹಳ್ಳಿಯಲ್ಲಿ ಕೇಳಿ ಬರೆದುಕೊಂಡಾಗ ಒಂದು ವಿಷಯ ಎದ್ದು ಕಂಡಿತು. ಎಳೆಯ ಮಕ್ಕಳು ಹೆಚ್ಚಾಗಿ ಮುಳುಗುತ್ತಿದ್ದುದು ಬೆಳಗಿನ ಒಂಬತ್ತರಿಂದ ಮಧ್ಯಾಹ್ನದ ಒಂದು ಗಂಟೆಯೊಳಗೆ, ಮನೆಯಿಂದ ಇಪ್ಪತ್ತು ಮೀಟರಿನ ಆಸುಪಾಸಿನಲ್ಲಿ. ತಾಯಿಗೆ ಅಡುಗೆ, ಪಾತ್ರೆ, ಬಟ್ಟೆ, ದನಗಳ ಕೆಲಸ, ತಂದೆ ಹೊಲದಲ್ಲಿ, ಹಿರಿಯ ಮಕ್ಕಳು ಶಾಲೆಯಲ್ಲಿ. ಮನೆಯಲ್ಲಿ ಜನರಿಲ್ಲವೆಂದಲ್ಲ, ಮಗುವಿಗೆಂದೇ ಮೀಸಲಾದ ಕಣ್ಣಿಲ್ಲ. ಇದನ್ನು ಕಂಡುಕೊಂಡವರು ಆ ನಾಲ್ಕು ಗಂಟೆಗಳಿಗೆ ಮಾತ್ರ ಊರೊಳಗೆ ಒಂದು ಮನೆಯಲ್ಲಿ ಸುಮಾರು ಇಪ್ಪತ್ತೈದು ಮಕ್ಕಳನ್ನು ಸೇರಿಸಿ, ತರಬೇತಿ ಕೊಟ್ಟ ಅದೇ ಊರಿನ ಹೆಂಗಸೊಬ್ಬಳನ್ನೂ ಒಬ್ಬ ಸಹಾಯಕಿಯನ್ನೂ ನೇಮಿಸಿದರು. ಆ ಮನೆಗೆ ‘ಆಂಚಲ್’ ಎಂದು ಹೆಸರು, ಎಂದರೆ ಸೆರಗು. ನೋಡಿಕೊಳ್ಳುವವಳು ‘ಆಂಚಲ್ ಮಾ’, ಸೆರಗಿನ ತಾಯಿ. ಈ ಮನೆಗಳಿಗೆ ಬರುತ್ತಿದ್ದ ಮಕ್ಕಳಲ್ಲಿ ಮುಳುಗಿ ಸಾಯುವುದು, ಬಾರದ ಮಕ್ಕಳಿಗಿಂತ ನೂರಕ್ಕೆ ಎಂಬತ್ತಕ್ಕೂ ಮಿಕ್ಕು ಕಡಿಮೆಯಾಗಿತ್ತು. ಮಳೆಯೂ ಅಷ್ಟೇ, ಕೊಳಗಳೂ ಅಷ್ಟೇ; ಬದಲಾದದ್ದು ನಾಲ್ಕು ಗಂಟೆಗಳ ಎಚ್ಚರವೊಂದೇ. ಮುಳುಗುವಿಕೆಯನ್ನು ತಡೆಯಲು ಶಾಲೆಗೆ ಸೇರದ ಮಕ್ಕಳಿಗೆ ಇಂಥ ಪಾಲನಾ ಮನೆಗಳು ಬೇಕೆಂದು 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸಲಹೆಯಿತ್ತಿತು.

ಹಾಗಾದರೆ ಈ ಕಣ್ಣು ಯಾರದಾಗಬೇಕು? ನಮ್ಮಲ್ಲಿ ಮೊದಲು ನೆನಪಿಗೆ ಬರುವವರು ಅಜ್ಜಿ. ಅವರ ಮಡಿಲಿಗೆ ಸಾಟಿಯಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಮಗುವಿಗೆ ಮಾತು ಬರುವುದು ಮಾತಾಡಿಸುವವರಿಂದ. ಅಜ್ಜಿಯಷ್ಟು ಬಿಡುವಾಗಿ ಮಾತಾಡಿಸುವವರು ಯಾರಿದ್ದಾರೆ? ಆದರೆ ಓಡುವ ಮಗುವಿನ ಹಿಂದೆ ಓಡಲು ಮಂಡಿ ನೋವಿನವರಿಂದ ಆಗದು. ಅಜ್ಜಿಗೆ ಮಗುವನ್ನು ವಹಿಸುವ ಮನೆಯವರು ಅನ್ನ ಬಸಿಯುವುದನ್ನೂ ಕರುವಿಗೆ ಹುಲ್ಲು ಹಾಕುವುದನ್ನೂ ಅವರಿಗೇ ವಹಿಸಿರುತ್ತಾರೆ. ಇದು ಅವರಿಗೂ ಅನ್ಯಾಯ, ಮಗುವಿಗೂ ಅಪಾಯ. ಅಜ್ಜಿ ಕೂತಲ್ಲಿಂದ ಮಗು ಕಾಣುವಂತೆ ಜಗಲಿಗೆ ಮಗುವಿನ ಎದೆಯೆತ್ತರದ ಅಡ್ಡಗಟ್ಟನ್ನು ಬಿದಿರಿನಿಂದ ಮಾಡಿಸಬಹುದು. ಗಳುಗಳನ್ನು ನೆಟ್ಟಗೆ ನಿಲ್ಲಿಸಿರಬೇಕು, ನಡುವೆ ತಲೆ ತೂರದಷ್ಟು ಒತ್ತಾಗಿರಬೇಕು. ಅಡ್ಡಗಳುಗಳನ್ನು ಕಟ್ಟಿದರೆ ಅದು ಬೇಲಿಯಾಗದೆ ಏಣಿಯಾಗುತ್ತದೆ.

ಎರಡನೆಯದಾಗಿ ನೆನಪಿಗೆ ಬರುವವಳು ಏಳೆಂಟು ವರ್ಷದ ಅಕ್ಕ. ಇವಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಂಡಿತವಾಗಿದೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುವ ಹುಡುಗಿ ನೋಡುವವರಿಗೆ ಮುದ್ದಾಗಿ ಕಾಣಬಹುದು. ಆದರೆ ಅವಳೂ ಮಗುವೇ. ಆಟದ ಸೆಳೆತಕ್ಕೆ ಅವಳ ಗಮನ ತಪ್ಪುವುದು ಸ್ವಭಾವ, ಅಪರಾಧವಲ್ಲ. ತಮ್ಮ ನೀರಿಗೆ ಬಿದ್ದರೆ ಎತ್ತಲು ಹಿಂದೆಯೇ ಇಳಿಯುವಳು, ಆಗ ಎರಡು ಜೀವಗಳಿಗೆ ಸಂಚಕಾರ. ನಾಟಿಯ ದಿನಗಳಲ್ಲಿ ಅವಳಿಗೆ ತಪ್ಪುವ ಶಾಲೆಯ ಮಾತು ಬೇರೆ.

ಮನೆಯ ಹೊರಗಿನವರನ್ನು ಗೊತ್ತುಮಾಡುವುದಾದರೆ, ಅದು ಉಳವಿಯ ನೆರೆಮನೆಯಾಕೆಯಾಗಲಿ ಬೆಂಗಳೂರಿನ ಆಯಾ ಆಗಲಿ, ನೋಡಬೇಕಾದುದು ಒಂದೇ. ಒಂದು ವಾರ ತಾಯಿಯೂ ಜೊತೆಗಿದ್ದು ಗಮನಿಸಬೇಕು. ಮಗು ಅತ್ತಾಗ ಆಕೆ ಏನು ಮಾಡುತ್ತಾಳೆ? ಎತ್ತಿಕೊಂಡು ಕಾರಣ ಹುಡುಕುತ್ತಾಳೆಯೋ, ಗುಮ್ಮನನ್ನು ಕರೆದು ಹೆದರಿಸುತ್ತಾಳೆಯೋ, ಕೈಗೆ ಮೊಬೈಲ್ ಕೊಟ್ಟು ಬಾಯಿ ಮುಚ್ಚಿಸುತ್ತಾಳೆಯೋ? ಉಣ್ಣಿಸುವ ಮೊದಲು ಕೈ ತೊಳೆಯುತ್ತಾಳೆಯೋ? ಆಕೆಗೆ ಮನೆಗೆಲಸವನ್ನೂ ಹೊರಿಸಿದ್ದೇವೆಯೋ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಒಂದೇ ಸಂಬಳದಲ್ಲಿ ಎರಡು ಕೆಲಸ ತೆಗೆಯುವ ಮನೆಯಲ್ಲಿ ಹಿಂದೆ ಬೀಳುವುದು ಮಗುವಿನ ಕೆಲಸವೇ. ಹೇಳದೆ ಕೇಳದೆ ನಡುಹಗಲಿನಲ್ಲಿ ಒಮ್ಮೆ ಮನೆಗೆ ಬಂದು ನೋಡುವುದರಲ್ಲಿ ಸಂಕೋಚವೇನೂ ಬೇಡ. ಮಗು ನಿದ್ರಿಸಲೆಂದು ಕೆಮ್ಮಿನ ಔಷಧ ಕುಡಿಸುವ ಕೆಟ್ಟ ಚಾಳಿ ಕೆಲವೆಡೆ ಉಂಟು. ಅದು ಉಸಿರನ್ನೇ ಕುಗ್ಗಿಸಬಲ್ಲದಾದುದರಿಂದ ಸ್ಪಷ್ಟವಾಗಿ ಬೇಡವೆನ್ನಬೇಕು.

ಇನ್ನೊಂದು ಮಾತು. ಎಂಟು ತಿಂಗಳ ಸುಮಾರಿಗೆ ಮಗು ಹೊಸಬರನ್ನು ಕಂಡು ಅಳತೊಡಗುವುದು ದೋಷವಲ್ಲ. ತನ್ನವರನ್ನು ಬೇರೆಯವರಿಂದ ಗುರುತಿಸಬಲ್ಲೆನೆಂಬುದಕ್ಕೆ ಅದು ಸಾಕ್ಷಿ. ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಆದರೆ ಒಗ್ಗಿದ ಮಗು ಇದ್ದಕ್ಕಿದ್ದಂತೆ ಒಬ್ಬರನ್ನು ಕಂಡು ಬೆದರತೊಡಗಿದರೆ ಅದನ್ನು ಹಟವೆಂದು ತಳ್ಳಿಹಾಕದೆ ವಿಚಾರಿಸಬೇಕು. ಮಕ್ಕಳ ಸಹಾಯವಾಣಿ 1098 ಇರುವುದು ಇಂಥ ಸಂದರ್ಭಗಳಿಗೂ ಹೌದು.

ಕಾಯುವುದೆಂದರೆ ಕಟ್ಟಿಹಾಕುವುದಲ್ಲ. ಬೇಸರಗೊಂಡ ಮಗುವೇ ದಣಪೆ ನುಸುಳುವುದು. ಆಟದಲ್ಲಿ ಮುಳುಗಿದ ಮಗು ಕುಳಿತಲ್ಲಿಂದ ಏಳದು. ಆದ್ದರಿಂದ ಆಟವೂ ರಕ್ಷಣೆಯ ಒಂದು ಭಾಗ. ಇದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ವರ್ಷ ತುಂಬದ ಮಗುವಿನ ಮುಂದೆ ಸೆರಗಿನಿಂದ ಮುಖ ಮುಚ್ಚಿ ತೆರೆದರೆ ಅದು ಕೇಕೆ ಹಾಕಿ ನಗುವುದೇಕೆ? ಕಾಣದಾದ ವಸ್ತು ಇಲ್ಲವಾಗಲಿಲ್ಲವೆಂಬ ದೊಡ್ಡ ತತ್ತ್ವವನ್ನು ಅದು ಆಗತಾನೆ ಕಲಿಯುತ್ತಿದೆ. ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ಇದನ್ನು ತನ್ನ ಮಕ್ಕಳಲ್ಲೇ ಪರೀಕ್ಷಿಸಿ ವಿವರಿಸಿದ. ನಮ್ಮ ಅಜ್ಜಿಯರು ವಿವರಿಸದೆ ಆಡಿಸುತ್ತ ಬಂದರು. ಒಂದಕ್ಕೊಂದು ಕೂರುವ ಲೋಟಗಳು, ನುಣುಪಾಗಿ ಉಜ್ಜಿದ ಕರಟ, ಮರದ ಸೌಟು, ಹಳೆಯ ಬುಟ್ಟಿ, ಇವನ್ನು ಒಂದು ದಿನ ಕೊಟ್ಟು ಮರುದಿನ ಬಚ್ಚಿಟ್ಟು ಬೇರೆಯದನ್ನು ಕೊಟ್ಟರೆ ಹಳೆಯದೂ ಹೊಸದಾಗುತ್ತದೆ. ಎರಡು ವರ್ಷ ದಾಟಿದವರನ್ನು ಅಡಿಕೆಯ ಹಾಳೆಯ ಮೇಲೆ ಕೂರಿಸಿ ಅಂಗಳದಲ್ಲಿ ಎಳೆದರೆ ಅದಕ್ಕಿಂತ ಮಿಗಿಲಾದ ಬಂಡಿ ಮಲೆನಾಡಿನಲ್ಲಿಲ್ಲ. ಇನ್ನು ಪರದೆಯ ವಿಷಯ. ವರ್ಷದೊಳಗಿನ ಮಗುವಿಗೆ ಅದು ಕೂಡದು, ಎರಡು ತುಂಬುವವರೆಗೂ ಬೇಡ, ಅನಂತರ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆಗೆ ಮೀರದಿರಲಿ ಎಂಬುದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ.

ಆಟಿಕೆಗಳಲ್ಲಿ ಒಂದು ಎಚ್ಚರ: ಮಗುವಿನ ಬಾಯೊಳಗೆ ಪೂರ್ತಿ ಹೋಗಬಲ್ಲದ್ದು ಯಾವುದೂ ಆಟಿಕೆಯಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ನೆಲದ ತುಂಬ ಉರುಳಾಡುವ ಅಡಿಕೆ, ಹುಣಸೆಬೀಜ, ನೆಲಗಡಲೆ, ಇವೆಲ್ಲ ಎಳೆಯರ ಕಿರಿದಾದ ಶ್ವಾಸನಾಳಕ್ಕೆ ಹೇಳಿ ಮಾಡಿಸಿದಂಥ ಬಿರಡೆಗಳು. ಅಡಿಕೆ ಬೇಯಿಸುವ ಹಂಡೆಯ ಸುತ್ತ, ಬಚ್ಚಲ ಒಲೆಯ ಸುತ್ತ ಮಕ್ಕಳು ಸುಳಿಯಬಾರದು. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಿಸಬೇಕಲ್ಲದೆ ಟೂತ್‌ಪೇಸ್ಟು, ಶಾಯಿ ಬಳಿಯಬಾರದು. ಸೊರಬದ ಓದುಗರಿಗೆ ಇನ್ನೊಂದನ್ನು ನೆನಪಿಸಬೇಕು. ಮಂಗನ ಕಾಯಿಲೆಯೆಂದು ನಾವು ಕರೆಯುವ ರೋಗ 1957ರಲ್ಲಿ ಮೊದಲು ಗುರುತಾದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆಯ ಕಡಿತದಿಂದ ಅದು ಹರಡುತ್ತದೆ. ಚಳಿಗಾಲ, ಬೇಸಗೆಗಳಲ್ಲಿ ಕಾಡಂಚಿನ ತರಗೆಲೆಯ ರಾಶಿ ಎಷ್ಟು ಮೆತ್ತಗಿದ್ದರೂ ಮಕ್ಕಳ ಹಾಸಿಗೆಯಾಗಬಾರದು.

ನೋಡಿಕೊಳ್ಳುವವರು ಕಲಿತಿರಲೇಬೇಕಾದ ಒಂದು ವಿದ್ಯೆಯೆಂದರೆ ಉಸಿರು ನಿಂತ ಮಗುವಿಗೆ ಉಸಿರು ಕೊಡುವುದು. ನೀರಿನಿಂದೆತ್ತಿದ ಮಗುವನ್ನು ತಲೆಯ ಮೇಲಿಟ್ಟು ತಿರುಗಿಸುವುದು, ಹೊಟ್ಟೆ ಒತ್ತುವುದು ನಮ್ಮಲ್ಲಿ ಇನ್ನೂ ನಡೆದಿದೆ. ಇವು ಅಮೂಲ್ಯವಾದ ನಿಮಿಷಗಳನ್ನು ಕಳೆಯುತ್ತವೆ. ಬೇಕಾದುದು ನೀರನ್ನು ತೆಗೆಯುವುದಲ್ಲ, ಗಾಳಿಯನ್ನು ಕೊಡುವುದು. ಮಗುವನ್ನು ಅಂಗಾತ ಮಲಗಿಸಿ ಬಾಯಿಗೆ (ಕೂಸಾದರೆ ಬಾಯಿ, ಮೂಗು ಎರಡಕ್ಕೂ ಸೇರಿಸಿ) ಎದೆ ಏಳುವಂತೆ ಉಸಿರೂದಬೇಕು. ಅನಂತರ ಎದೆಯ ನಡುವೆ 30 ಸಲ ಒತ್ತಿ 2 ಸಲ ಊದುವುದನ್ನು ಬಿಡದೆ ನಡೆಸಬೇಕು. ಇನ್ನೊಬ್ಬರು 108ಕ್ಕೆ ಕರೆಮಾಡಬೇಕು. ಓದಿ ಕಲಿಯುವ ವಿದ್ಯೆ ಇದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಊರಿಗೆ ಕರೆದು, ಒಂದು ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯುವುದು ಒಂದು ಮಧ್ಯಾಹ್ನದ ಕೆಲಸ.

ದುಡಿಯುವ ತಾಯಿಯ ಮಗುವಿಗೆ ನೆಲೆ ಬೇಕೆಂಬುದು ಹೊಸ ವಿಚಾರವೇನಲ್ಲ. 1948ರ ಕಾರ್ಖಾನೆ ಕಾಯಿದೆಯೂ 1951ರ ತೋಟ ಕಾರ್ಮಿಕರ ಕಾಯಿದೆಯೂ ಶಿಶುಪಾಲನಾ ಕೊಠಡಿಯನ್ನು ವಿಧಿಸಿದುವು. ಆದರೆ ಹೆಚ್ಚು ಹೆಂಗಸರು ದುಡಿಯುವ ಕಡೆಗಳಿಗೆ ಮಾತ್ರ. ನಾಲ್ಕು ಎಕರೆಯ ಗದ್ದೆ ಕಾರ್ಖಾನೆಯಲ್ಲವಷ್ಟೆ. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಆರಂಭವಾಗಿ ನಾಡೆಲ್ಲ ಹರಡಿದ ಅಂಗನವಾಡಿ ಹಳ್ಳಿಯ ಮಗುವಿಗೆ ದೊಡ್ಡ ಆಸರೆಯಾಯಿತು. ಆದರೆ ಅಲ್ಲಿ ಕೂತು ಕಲಿಯುವವರು ಮೂರು ತುಂಬಿದವರು. ಅಪಾಯ ಹೆಚ್ಚಿರುವುದೋ ಒಂದರಿಂದ ಮೂರರ ನಡುವೆ. ಆ ಕಂದರವನ್ನು ತುಂಬಲೆಂದು 2023ರಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ಪ್ರಕಟಿಸಿತು. ತಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ನಾಟಿಯ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತದೆಯೇ ಎಂದು ಓದುಗರು ಕೇಳಿ ತಿಳಿಯಬೇಕು.

ಇಲ್ಲದ ಕಡೆ ಕೈಕಟ್ಟಿ ಕೂರಬೇಕಾಗಿಲ್ಲ. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ ಒಂದು ಸೊಗಸಾದ ನಿಯಮವಿತ್ತು: ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಹೆಂಗಸರಲ್ಲೊಬ್ಬಳನ್ನು ಮಕ್ಕಳ ಮೇಲ್ವಿಚಾರಣೆಗೆ ಬಿಡಬೇಕು, ಕೂಲಿ ಅವಳಿಗೂ ಸಲ್ಲಬೇಕು. ಮಕ್ಕಳನ್ನು ನೋಡಿಕೊಳ್ಳುವುದೂ ಕೆಲಸವೇ ಎಂದು ಕಾಯಿದೆ ಒಪ್ಪಿದ ಹಾಗಾಯಿತು. ಇದನ್ನು ಮಲೆನಾಡಿನ ಮುಯ್ಯಾಳಿನ ಪದ್ಧತಿಗೆ ಹೊಂದಿಸುವುದು ಕಷ್ಟವಲ್ಲ. ಈ ದಿನ ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ಲೆಕ್ಕವಿಡುವ ಹೆಂಗಸರು, ಆರೇಳು ಮನೆಗಳ ಮಕ್ಕಳನ್ನು ಬಾವಿ, ಹೊಂಡಗಳಿಗೆ ದೂರವಾದ ಒಂದು ಮನೆಯ ಜಗಲಿಯಲ್ಲಿ ಸೇರಿಸಿ ಇಬ್ಬರನ್ನು ಅಲ್ಲಿ ನಿಲ್ಲಿಸಲಿ. ಇಬ್ಬರೇಕೆಂದರೆ, ಒಬ್ಬಳು ಒಂದು ಮಗುವನ್ನು ತೊಳೆಯಲು ಎದ್ದಾಗ ಉಳಿದವರ ಮೇಲೆ ಇನ್ನೊಬ್ಬಳ ಕಣ್ಣಿರಬೇಕು. ಬಂದ ಮಕ್ಕಳ ತಲೆ ಎಣಿಸಿಕೊಳ್ಳಲಿ, ಗಂಟೆಗೊಮ್ಮೆ ಮತ್ತೆ ಎಣಿಸಲಿ, ತಾಯಂದಿರ ಕೈಗೇ ಒಪ್ಪಿಸಲಿ. ಆ ಇಬ್ಬರ ಹೆಸರಿನಲ್ಲೂ ಆ ದಿನಕ್ಕೆ ಒಂದೊಂದು ಆಳು ಬರೆಯಲಿ, ಅರ್ಧ ಆಳಲ್ಲ.