ಜನ ಸೇರಿದಾಗ ಯಾವ ಇಂಗ್ಲಿಷ್ ಪದ?

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವರದಿಗಾರಿಕೆ ಕಲಿಸುತ್ತೇನೆ. ಜಾತ್ರೆ, ಪಂದ್ಯ, ಮುಷ್ಕರ ಯಾವುದೇ ಇರಲಿ, ಅವರ ಕೈಗೆ ಮೊದಲು ಸಿಗುವ ಪದ ‘ಕ್ರೌಡ್’. ಅಲ್ಲಿಂದ ಮುಂದೆ ನಾನು ಹೇಳಿಕೊಡುವುದಿಷ್ಟು.

1. ಜನ ಯಾಕೆ ಬಂದಿದ್ದಾರೆ ಎಂದು ಮೊದಲು ನೋಡಿ. ನಾಟಕಕ್ಕೋ ಭಾಷಣಕ್ಕೋ ಬಂದವರು ಆಡಿಯನ್ಸ್. ಕ್ರೀಡಾಂಗಣದಲ್ಲಿ ಪಂದ್ಯ ನೋಡುವವರು ಸ್ಪೆಕ್ಟೇಟರ್ಸ್. ಚರ್ಚಿನಲ್ಲಿ ಪ್ರಾರ್ಥನೆಗೆ ಕೂಡಿದವರು ಕಾಂಗ್ರಿಗೇಷನ್. ಅಪಘಾತ ಕಂಡು ದಾರಿಯಲ್ಲಿ ನಿಂತವರು ಆನ್‌ಲುಕರ್ಸ್.

2. ಕ್ರಿಯಾಪದಗಳನ್ನೂ ಕೂಡಿಟ್ಟುಕೊಳ್ಳಿ. ಜನ ಹರಿದು ಬಂದರೆ ‘ಪೋರ್ ಇನ್’, ಅತ್ತಿತ್ತ ಸುಳಿದಾಡುತ್ತಿದ್ದರೆ ‘ಮಿಲ್ ಅರೌಂಡ್’, ಚದುರಿದರೆ ‘ಡಿಸ್ಪರ್ಸ್’. ಇವು ಬಂದರೆ ವರದಿಗೆ ಜೀವ ಬರುತ್ತದೆ.

3. ‘ಪೀಪಲ್’ ಬಹುವಚನ, ಅದರ ಜೊತೆ ‘ಆರ್’ ಬರಬೇಕು, ‘ಈಸ್’ ಅಲ್ಲ. ‘ಪಬ್ಲಿಕ್ಸ್’ ಎಂದು ಬರೆಯಬೇಡಿ. ‘ಕ್ರೌಡ್’ ಅಮೆರಿಕದಲ್ಲಿ ಸಾಮಾನ್ಯವಾಗಿ ಏಕವಚನ. ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತವೆ.

4. ‘ಥೌಸಂಡ್ಸ್’ ಎನ್ನುವ ಮೊದಲು ಜಾಗ ಅಳೆಯಿರಿ. 1960ರ ದಶಕದಲ್ಲಿ ಬರ್ಕ್ಲಿಯ ಪತ್ರಿಕೋದ್ಯಮ ಅಧ್ಯಾಪಕ ಹರ್ಬರ್ಟ್ ಜೇಕಬ್ಸ್ ಇದಕ್ಕೊಂದು ಲೆಕ್ಕ ಕೊಟ್ಟರು: ಜನ ಸಡಿಲವಾಗಿ ನಿಂತಿದ್ದರೆ ತಲೆಗೆ 10 ಚದರಡಿ, ದಟ್ಟವಾಗಿದ್ದರೆ 4.5. ಮೈದಾನದ ವಿಸ್ತಾರ ಗೊತ್ತಿದ್ದರೆ ಸಂಘಟಕರ ಬಾಯಿಮಾತಿನ ಹಂಗು ಬೇಡ.

5. ‘ಮಾಬ್’ ಎನ್ನುವುದು ಆರೋಪ. ಹಿಂಸೆ ನಡೆದದ್ದು ಖಚಿತವಾದ ಮೇಲಷ್ಟೇ ಅದನ್ನು ಬಳಸಿ. ಘೋಷಣೆ ಕೂಗುತ್ತಾ ಕುಳಿತ ರೈತರು, ಕಾರ್ಮಿಕರು ಪ್ರೊಟೆಸ್ಟರ್ಸ್. ‘ಅನ್‌ಲಾಫುಲ್ ಅಸೆಂಬ್ಲಿ’ಗೆ ನಮ್ಮ ಕಾನೂನಿನಲ್ಲಿ ಐದು ಅಥವಾ ಹೆಚ್ಚು ಜನರಿದ್ದರೆ ಸಾಲದು, ಕಾನೂನು ಹೆಸರಿಸಿದ ಉದ್ದೇಶವೊಂದು ಅವರೆಲ್ಲರದೂ ಆಗಿರಬೇಕು. ಪೊಲೀಸರು ಆ ಪದ ಬಳಸಿದ್ದರೆ ಅವರ ಮಾತೆಂದೇ ಬರೆಯಿರಿ.

6. ‘ಸ್ಟ್ಯಾಂಪೀಡ್’ ಬರೆಯುವಾಗ ಕೈ ತಡೆಯಲಿ. ಅದು ಮೂಲದಲ್ಲಿ ಬೆದರಿದ ದನಗಳ ಓಟಕ್ಕೆ ಇದ್ದ ಹೆಸರು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದ ದುರಂತ 97 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಯಾರೂ ದಿಕ್ಕೆಟ್ಟು ಓಡಲಿಲ್ಲ. ಬೇಲಿ ಹಾಕಿದ ಆವರಣದಲ್ಲಿ ಇಕ್ಕಟ್ಟಿಗೆ ಸಿಕ್ಕಿ ಹೆಚ್ಚಿನವರಿಗೆ ಉಸಿರು ಕಟ್ಟಿತು. ಅದಕ್ಕೆ ಇಂಗ್ಲಿಷ್‌ನಲ್ಲಿ ‘ಕ್ರಷ್’ ಎನ್ನುತ್ತಾರೆ. ಮೊದಲಿಗೆ ತಪ್ಪನ್ನು ಅಭಿಮಾನಿಗಳ ತಲೆಗೇ ಕಟ್ಟಲಾಯಿತು. ಅವರದೇನೂ ತಪ್ಪಿಲ್ಲ ಎಂದು ಇನ್‌ಕ್ವೆಸ್ಟ್‌ನ ಜ್ಯೂರಿ ಹೇಳುವ ಹೊತ್ತಿಗೆ 2016 ಆಗಿತ್ತು. ನಮ್ಮಲ್ಲೂ ಇಂಥ ಸುದ್ದಿ ಬಂದಾಗ ಗೇಟು ಎಷ್ಟು ಅಗಲವಿತ್ತು, ಎಷ್ಟು ಜನರನ್ನು ಬಿಟ್ಟರು, ಬಿಟ್ಟವರು ಯಾರು ಎಂದು ಮೊದಲು ವಿಚಾರಿಸಿ. ಉತ್ತರ ಸಿಗುವವರೆಗೆ ‘ಕ್ರಷ್’ ಎಂದೇ ಬರೆಯಿರಿ. ಆ ಪದ ಸತ್ತವರ ಮೇಲೆ ತಪ್ಪು ಹೊರಿಸುವುದಿಲ್ಲ.